ಹುಳದ ಡಬ್ಬಿಯಲ್ಲಿ ಅತ್ತೆಯ ತೊಂಬತ್ತು ವರ್ಷ

"ಫೋಟೋ ಕಾಯೋಕೆ ತಿಂಗಳು ತಿಂಗಳು ಬಾಡಿಗೆ ಕಟ್ಟೋ ಗಂಡಸು ನಮ್ಮ ವಂಶದಲ್ಲೇ ಹುಟ್ಟಿಲ್ಲ!"

ವೆಂಡೆಲ್ ಸೋರ್ಗಾರ್ಡ್ ಹೀಗೆ ಘೋಷಿಸಿ ಅಡುಗೆಮನೆಯ ಮೇಜು ಗುದ್ದುವಷ್ಟರಲ್ಲಿ ಹೆಂಡತಿ ಮಾರ್ಲಿಸ್ ಕಾಫಿ ಲೋಟವನ್ನು ಎತ್ತಿ ಹಿಡಿದಿದ್ದಳು. ಮೂವತ್ತೆಂಟು ವರ್ಷದ ಅನುಭವ! ಡಾಕ್ಟರು ಸಿಹಿ ಬಿಡಿಸಿದಂದಿನಿಂದ ಈ ಗುದ್ದಾಟ ಇನ್ನಷ್ಟು ಜಾಸ್ತಿಯಾಗಿತ್ತು. ಮನುಷ್ಯ ಕೂತಲ್ಲಿ ಕೂರುತ್ತಿರಲಿಲ್ಲ.

ಅವರದು ಮಿನೆಸೋಟದ ಉತ್ತರದ ಊರು, ಆರು ತಿಂಗಳು ಚಳಿಗಾಲ. ಎರಡು ಚಳಿಗಾಲ ಪೂರ್ತಿ ಕೂತು ಮಾರ್ಲಿಸ್ ತನ್ನ ತಾಯಿ ಆಲ್ವಿನಾಳ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದಳು. ಮೂಲ ಫೋಟೋಗಳು ಅವಳ ಏಳು ಮಂದಿ ಒಡಹುಟ್ಟಿದವರಿಗೆ ಹಂಚಿಹೋಗಿದ್ದವು. ಬರುವ ಭಾನುವಾರ ಮುದುಕಿಗೆ ತೊಂಬತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಊರವರೆದುರು ಅವನ್ನು ಪರದೆಯ ಮೇಲೆ ತೋರಿಸಬೇಕು. ಕಂಪ್ಯೂಟರೋ, "ಜಾಗವಿಲ್ಲ, ಬಾಡಿಗೆ ಕಟ್ಟಿದರೆ ಇಂಟರ್ನೆಟ್ಟಿನಲ್ಲಿ ಕೊಡುತ್ತೇನೆ" ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿತ್ತು.

ವೆಂಡೆಲ್ ಹೈಸ್ಕೂಲಿನವರು ಎಸೆದ ಕಂಪ್ಯೂಟರುಗಳ ಹೊಟ್ಟೆ ಬಗೆದು ಎರಡು ಹಾರ್ಡ್ ಡಿಸ್ಕ್ ತಂದು ಫೋಟೋಗಳನ್ನೆಲ್ಲ ಅವಕ್ಕೆ ಸಾಗಿಸಿದ. ಒಂದರಲ್ಲಿ ಏನು ಮಾಡಿದರೂ ಇನ್ನೊಂದರಲ್ಲಿ ತಾನಾಗಿ ಆಗುವಂತೆ ಜೋಡಿಸಿದ. "ಒಂದು ಸತ್ರೂ ಇನ್ನೊಂದು ಬದುಕಿರುತ್ತೆ! ಮೂರನೇ ಪ್ರತಿ ಮನೆಯಿಂದ ಹೊರಗೆ. ಇದು ಬಲ್ಲವರ ನಿಯಮ!"

"ಹೊರಗೆ ಅಂದ್ರೆ ಎಲ್ಲಿ?"

"ಅದು ಭದ್ರತೆಯ ವಿಷಯ. ಹೇಳಂಗಿಲ್ಲ."

ಆ ಪರಮರಹಸ್ಯದ ಜಾಗ, ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತಿದ್ದ ಅವನ ಮೀನು ಹಿಡಿಯುವ ಗುಡಿಸಲು! ನೆಲದಲ್ಲಿ ಗಾಳ ಇಳಿಸಲು ತೂತು, ಮೂಲೆಯಲ್ಲಿ ಒಲೆ, ಬಾಡಿಗೆ ಸೊನ್ನೆ. ಪುಟ್ಟ ಡಿಸ್ಕೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಮೇಲೆ "ಹುಳ" ಎಂದು ಬರೆದಿಟ್ಟ. ಗಾಳಕ್ಕೆ ಸಿಕ್ಕಿಸುವ ಹುಳವನ್ನು ಯಾವ ಕಳ್ಳ ಕದ್ದಾನು?

ಗುರುವಾರ ಬೆಳಿಗ್ಗೆ ಮತ್ತೆ "ಜಾಗವಿಲ್ಲ". ವೆಂಡೆಲ್‌ಗೆ ರೇಗಿತು. ಹೇಗೂ ಜೋಡಿಯಿದೆಯಲ್ಲ ಎಂದು ಒಂದು ಡಿಸ್ಕಿನಿಂದ ಅತ್ತೆಯನ್ನು ಅಳಿಸಿದ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಇನ್ನೊಂದು ಡಿಸ್ಕು ವಿಧೇಯ ಶಿಷ್ಯನಂತೆ ತಾನೂ ಅಳಿಸಿ ಕೂತಿತು! ಕನ್ನಡಿಯ ಮುಂದೆ ಮೂಗು ಕೊಯ್ದುಕೊಂಡು, ಒಳಗಿರುವವನ ಮೂಗು ಉಳಿಯುತ್ತದೆ ಎಂದು ನಂಬಿದ ಹಾಗಾಯಿತು. ಹುಳದ ಡಬ್ಬಿ ನೆನಪಾಗಿ ಬಾಗಿಲಿಗೆ ಓಡಿದ.

"ಎಲ್ಲಿಗೆ ಹೊರಟೆ?" ಎಂದಳು ಮಾರ್ಲಿಸ್.

"ಮೀನಿಗೆ."

"ಮನೆ ಚಪ್ಪಲೀಲಾ?"

ಕೆರೆಯ ದಡಕ್ಕೆ ಬಂದು ನೋಡಿದರೆ ಗುಡಿಸಲೇ ಇಲ್ಲ! ಅದಿದ್ದ ಕಡೆ ಕಪ್ಪಗೆ ನೀರು ನಿಂತಿದೆ. ತೊಂಬತ್ತು ವರ್ಷದ ಅತ್ತೆ ಮೀನಿನ ಪಾಲಾದಳು! ಹೆಂಡತಿಯ ತಮ್ಮ ಡುವೇನ್‌ಗೆ ಫೋನು ಹಚ್ಚಿದ.

"ಡುವೇನ್, ನನ್ ಗುಡಿಸಲು ಮುಳುಗೋಯ್ತು ಕಣೋ!"

"ಎಲ್ಲಿ ಮುಳುಗತ್ತೆ ಮಾರಾಯ, ನಮ್ಮಂಗಳದಲ್ಲಿದೆ. ಐಸ್ ಕರಗೋ ಮುಂಚೆ ತೆಗೀಬೇಕಂತ ಸರ್ಕಾರ ಕೊಟ್ಟ ಗಡುವು ಮುಗೀತಿತ್ತು, ಸೋಮವಾರಾನೇ ಎಳ್ಕೊಂಡ್ ಬಂದೆ. ನಿನ್ನ ಕೇಳಿದ್ದಕ್ಕೆ ಕಂಪ್ಯೂಟರಿಂದ ತಲೆ ಎತ್ತದೆ 'ಹೂಂ' ಅಂದ್ಯಲ್ಲ!"

"ಒಳಗಡೆ ಹುಳದ ಡಬ್ಬಿ?"

"ನಿಮ್ ಫ್ರಿಜ್ಜಲ್ಲೇ ಇಟ್ಟೆ. ಪಾಪ, ಹುಳ ಸಾಯ್ಬಾರ್ದಲ್ವಾ?"

ಆ ಊರಿನ ಯಾವ ಫ್ರಿಜ್ಜು ತೆರೆದರೂ ಬೆಣ್ಣೆಯ ಪಕ್ಕ ಗಾಳದ ಹುಳವಿರುತ್ತದೆ. ಮನೆಯಿಂದ ಹೊರಗಿರಬೇಕಾದ ಪ್ರತಿ ಮೂರು ದಿನದಿಂದ ಮೊಸರಿನ ಹಿಂದೆ ತಣ್ಣಗೆ ಕೂತಿತ್ತು!

ಏದುಸಿರು ಬಿಡುತ್ತ ಬಂದು ನೋಡಿದರೆ ಡಬ್ಬಿ ಮೇಜಿನ ಮೇಲಿತ್ತು, ಮುಚ್ಚಳ ತೆಗೆದಿತ್ತು. ಎದುರಿಗೆ ಮಾರ್ಲಿಸ್. ವೆಂಡೆಲ್ ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡ. ಮಾರ್ಲಿಸ್‌ಳ ಮುಖ ಬಿಳುಪೇರಿತು.

"ಎರಡು ಚಳಿಗಾಲ, ವೆಂಡೆಲ್. ಅಮ್ಮನ ಕಣ್ಣು ಕಾಣೋವಾಗ್ಲೇ ತೋರಿಸ್ಬೇಕು ಅಂತಿದ್ದೆ ಕಣೋ."

ತಣ್ಣಗಿನ ಡಿಸ್ಕನ್ನು ತಕ್ಷಣ ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗೆ ತೇವ ಕಟ್ಟಿ ಕೆಡುತ್ತದೆ. ಬೆಚ್ಚಗಾಗಲಿ ಎಂದು ಎರಡು ಗಂಟೆ ಕಾದರು. ಆ ಎರಡು ಗಂಟೆ ಅವನು ನಡೆದ ದೂರಕ್ಕೆ ಪಕ್ಕದ ಊರೇ ಬಂದುಬಿಡುತ್ತಿತ್ತು. ಕೊನೆಗೆ ಸಿಕ್ಕಿಸಿದರು. ಡಿಸ್ಕು ಒಮ್ಮೆ ಕೆಮ್ಮಿತು. ಪರದೆಯ ಮೇಲೆ ಆರು ವರ್ಷದ ಆಲ್ವಿನಾ ತನಗಿಂತ ಉದ್ದದ ಮೀನು ಹಿಡಿದು ನಕ್ಕಳು! ವೆಂಡೆಲ್ ಅತ್ತೇಬಿಟ್ಟ.

"ಎಲ್ಲಾ ಇದೆ," ಎಂದು ಮಾರ್ಲಿಸ್ ಕಣ್ಣೊರೆಸಿಕೊಂಡಳು. ಆಮೇಲೆ ಡಬ್ಬಿಯನ್ನು ಅವನತ್ತ ತಳ್ಳಿದಳು. "ಡಿಸ್ಕಿನ ಕೆಳಗೆ ಒಂಬತ್ತು ಚಾಕಲೇಟ್ ಇತ್ತು."

"ಅದಾ... ಅದು ಮೀನಿಗೆ."

"ಮೂರು ಪ್ರತಿ ಇರ್ಬೇಕು ಅಂತ ಬಲ್ಲವರ ನಿಯಮ ಅಲ್ವಾ? ಉಳಿದೆರಡು ಎಲ್ಲಿಟ್ಟಿದೀಯ?"

ವೆಂಡೆಲ್ ಬಾಯಿ ಬಿಗಿಯಾಗಿ ಮುಚ್ಚಿದ. ಕಣ್ಣು ಮಾತ್ರ ದ್ರೋಹ ಬಗೆಯಿತು: ಮೊದಲು ಗ್ಯಾರೇಜಿನ ಬಾಗಿಲಿನತ್ತ, ಆಮೇಲೆ ಗೋಡೆ ಗಡಿಯಾರದತ್ತ. ಮಾರ್ಲಿಸ್ ಸುಮ್ಮನೆ ಎದ್ದು ಸ್ಟೂಲು ಎಳೆದುಕೊಂಡಳು.

ಭಾನುವಾರ ಪರದೆಯ ಮೇಲೆ ಅತ್ತೆ, ತಟ್ಟೆಯಲ್ಲಿ ಮೂರೂ ಪ್ರತಿ ಚಾಕಲೇಟು. ಊರಿಗೆಲ್ಲ ಹಂಚುವ ಕೆಲಸ ವೆಂಡೆಲ್‌ಗೇ ಬಿತ್ತು. ತಟ್ಟೆ ಖಾಲಿಯಾಗುವವರೆಗೂ ಮಾರ್ಲಿಸ್ ಫೋಟೋ ನೋಡಲಿಲ್ಲ, ಅವನ ಕೈ ನೋಡುತ್ತಿದ್ದಳು.