ಆರು ಗಜದ ಗುಟ್ಟು

ಬೆಳಿಗ್ಗೆ ಎಂಟಕ್ಕೆ ದಾವಿ ಕೊಕೊಯೆ ಕಂದು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಅನಾನಿಯ ಕೈಗಿಟ್ಟರು. ಅವನ ಸಂಕಟ ಶುರುವಾದದ್ದು ಅಲ್ಲಿಂದ.

"ಬಾಗಿಲು ಹಾಕು," ಅಂದರು. ಹಾಕಿದ.

"ಚಿಲಕ." ಚಿಲಕವನ್ನೂ ಹಾಕಿದ.

ಕಿಟಕಿಯಿಲ್ಲದ ಆ ಉಗ್ರಾಣದಲ್ಲಿ ಹದಿನೈದು ವರ್ಷದಿಂದ ಬಟ್ಟೆ ಮಡಚುತ್ತಿದ್ದ ಅನಾನಿಗೆ ಕತ್ತಲು ಹೊಸದಲ್ಲ. ಮಾಲಕಿ ಪಿಸುಗುಟ್ಟಿದ್ದು ಹೊಸದು. ಲೋಮೆಯ ದೊಡ್ಡ ಮಾರುಕಟ್ಟೆಯಲ್ಲಿ ಎಲ್ಲರೂ ದಾವಿ, ಅಂದರೆ ಅಕ್ಕ, ಎಂದು ಕರೆಯುವ ಕೊಕೊಯೆ ಮೇಲಿನ ಮಹಡಿಯಲ್ಲಿ ಕೆಮ್ಮಿದರೆ ಕೆಳಗೆ ಮೆಣಸಿನಕಾಯಿ ಮಾರುವವರು ತಲೆಯೆತ್ತಿ ನೋಡುತ್ತಾರೆ. ಅಂಥವರು ಇವತ್ತು ಅವನ ಕಿವಿಯ ಹತ್ತಿರ ಬಂದಿದ್ದರು.

"ಹೊಸ ನಮೂನೆ ಬಟ್ಟೆ ಇದು. ಮೂರು ಸಾವಿರ ಗಂಟು ಬಂದರಿನಲ್ಲಿ ಇಳಿದಿದೆ. ನನ್ನದು ಅಂತ ಇರೋದೆಲ್ಲ ಅದರ ಮೇಲೇ ಹಾಕಿದೀನಿ. ಸಾಯಂಕಾಲ ನಾಲ್ಕಕ್ಕೆ ಸಮುದ್ರದ ದಾರಿಯ ಹೋಟೆಲಿಗೆ ಐದು ದೇಶದ ವ್ಯಾಪಾರಿಗಳು ಬರ್ತಾರೆ. ಅಲ್ಲಿಗೆ ತಂದು ಕೊಡು. ಅಲ್ಲೀವರೆಗೂ ನಿನ್ನ ಹತ್ರಾನೇ ಇರಲಿ."

"ಇಲ್ಲೇ ಬೀಗ ಹಾಕಿಟ್ರೆ ಆಗಲ್ವಾ ದಾವಿ?"

"ಬೀಗ ಅಂದ್ಮೇಲೆ ಅದಕ್ಕೊಂದು ಬೀಗದ ಕೈ ಇರುತ್ತೆ, ಕೈ ಅಂದ್ಮೇಲೆ ಕಳ್ಳ ಇರ್ತಾನೆ. ನೀನೇ ಇಟ್ಕೊ. ಯಾರಿಗೂ ತೋರಿಸ್ಬೇಡ, ಯಾರ ಹತ್ರಾನೂ ಬಾಯಿ ಬಿಡ್ಬೇಡ. ಎಲ್ಲ ನಾನು ಅಂದ್ಕೊಂಡ ಹಾಗೆ ಆದ್ರೆ ಕೊಟೊನು ಅಂಗಡಿಗೆ ನೀನೇ ಮ್ಯಾನೇಜರು."

ಅನಾನಿ ಗೋಡೆಯ ಮೇಲಿನ ನಕ್ಷೆಯತ್ತ ನೋಡಿದ. ದಾವಿಯವರ ವ್ಯಾಪಾರ ಆ ನಕ್ಷೆಯ ಮೇಲೆ ಕೆಂಪು ಗುಂಡುಸೂಜಿಗಳಾಗಿ ಹರಡಿತ್ತು. ಅಕ್ರಾದಲ್ಲೊಂದು ಅಂಗಡಿ, ವಾಗಾಡುಗುವಿನಲ್ಲೊಂದು. ಇನ್ನು ಬೆನಿನ್‌ನ ಕೊಟೊನು ಆಗಬೇಕು, ಆಮೇಲೆ ಅಬಿಜಾನ್, ನಿಯಾಮೆ. ಅನಾನಿ ಗಡಿ ದಾಟಿದವನಲ್ಲ. ಆದರೂ ಐದೂ ದೇಶಗಳ ಭೂಗೋಳ ಅವನಿಗೆ ಬೆರಳ ತುದಿಯಲ್ಲಿತ್ತು. ಮಣ್ಣಿನ ಬಣ್ಣದ ಬಟ್ಟೆ ಎಲ್ಲಿ ಓಡುತ್ತದೋ ಅದು ಬುರ್ಕಿನಾ. ಹಕ್ಕಿ ಹೂವು ಕೇಳುವವರು ಬೆನಿನ್‌ನವರು. ದೂರದಿಂದಲೇ ಕಣ್ಣು ಕುಕ್ಕಬೇಕು ಅನ್ನುವವರು ಅಬಿಜಾನಿನವರು.

ಕೊಟೊನು ಅಂಗಡಿಗೆ ಕಿಟಕಿ ಇದೆಯಂತೆ, ಒಂದಲ್ಲ, ನಾಲ್ಕು. ಅನಾನಿಯ ಹೆಂಡತಿ ಎಸೆನಾಮ್ ಯಾವ ಪಾತ್ರೆ ಕೊಂಡೊಯ್ಯುವುದು, ಯಾವುದನ್ನು ತಂಗಿಗೆ ಕೊಡುವುದು ಎಂದು ಆ ಅಂಗಡಿಯ ಸುದ್ದಿ ಹಬ್ಬಿದಾಗಲೇ ವಿಂಗಡಿಸಿದ್ದಳು.

ಒಂದೇ ಅಡ್ಡಿ ಅನಾನಿಯ ಬಾಯಿ. ಹೋದ ವರ್ಷ ಕ್ಷೌರ ಮಾಡಿಸಿಕೊಳ್ಳುವಾಗ ಮೀನಿನ ಚಿತ್ರದ ಹೊಸ ನಮೂನೆಯ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಸಂಜೆಯೊಳಗೆ ಅದು ಇಡೀ ಮಾರುಕಟ್ಟೆಗೆ ಗೊತ್ತಾಗಿತ್ತು. ಅಂದಿನಿಂದ ಅವನ ಮಾನ ಹೋಗಿತ್ತು. ಇವತ್ತು ಅದನ್ನು ವಾಪಸು ತಂದೇ ಸಿದ್ಧ ಎಂದು ಅವನು ಹಲ್ಲು ಕಚ್ಚಿದ.

ನಮ್ಮ ಮಾರುಕಟ್ಟೆಯಲ್ಲಿ ಜೇಬಿಗೆ ಕೈ ಹಾಕಿದವನಿಗಿಂತ ಜೇಬಿನಿಂದ ಫೋನು ತೆಗೆದವನ ಮೇಲೆ ಜನಕ್ಕೆ ಹೆಚ್ಚು ಅನುಮಾನ. ಒಂದು ಫೋಟೊ ಸಾಕು, ಸಮುದ್ರದಾಚೆಯಿಂದ ಅಗ್ಗದ ನಕಲು ಬಂದಿಳಿಯುತ್ತದೆ. ಆದ್ದರಿಂದ ದಾವಿಯವರು ಆಚೆ ಹೋದ ಮೇಲೆ ಅನಾನಿ ಮೊದಲು ಮಾಡಿದ ಕೆಲಸ ಅಂಗಿ ಬಿಚ್ಚಿದ್ದು. ಕಾಗದ ತೆಗೆದು, ಕಣ್ಣು ಮುಚ್ಚಿಕೊಂಡು ಆರು ಗಜ ಬಟ್ಟೆಯನ್ನು ಸೊಂಟಕ್ಕೂ ಹೊಟ್ಟೆಗೂ ಸುತ್ತಿಕೊಂಡು, ಮೇಲೆ ಅಂಗಿ ಎಳೆದುಕೊಂಡ. ತಾನು ನೋಡಿದರೆ ತಾನೇ ಹೇಳಿಬಿಟ್ಟೇನು ಎಂಬ ಭಯ ಅವನಿಗೆ.

ಹೊರಗೆ ಬರುತ್ತಿದ್ದಂತೆ ಲೆಕ್ಕ ಬರೆಯುವ ಮೆಸ್ಸಾನ್ ಎದುರಾದ. ಅವನು ಅನಾನಿಯನ್ನು ಕರೆಯುವುದು ಫೊಫೊ, ಅಂದರೆ ಅಣ್ಣ, ಎಂದು.

"ಏನು ಫೊಫೊ, ಉಗ್ರಾಣಕ್ಕೆ ಹೋಗೋವಾಗ ಕಡ್ಡಿ ಹಾಗಿದ್ದೆ. ಬರೋವಾಗ ಆರು ತಿಂಗಳ ಬಸುರಿ ಆಗಿದೀಯ."

"ಅನ್ನ ಹುರುಳಿ ಜಾಸ್ತಿ ತಿಂದೆ."

"ಹುರುಳಿ ತಿಂದ ಹೊಟ್ಟೆ ಹಾಗೆ ಚೌಕಕ್ಕೆ ಊದಲ್ಲ," ಅಂದ ಮೆಸ್ಸಾನ್, ಹೊಟ್ಟೆ ಮುಟ್ಟಲು ಕೈ ಚಾಚಿ.

ಅನಾನಿ ಹಿಂದಕ್ಕೆ ಹಾರಿದ. ಇವನೂ ಕೊಟೊನು ಮೇಲೆ ಕಣ್ಣಿಟ್ಟವನೇ. ಮೆಟ್ಟಿಲಿಳಿದು ಬೀದಿಗೆ ಬಂದಾಗ ಹಳದಿ ಟೋಪಿಯ ಒಬ್ಬ ಸಣಕಲು ಮನುಷ್ಯ ಎದುರಿನ ಅಂಗಡಿಯಲ್ಲಿ ಬಾರ್ ಸೋಪಿನ ಬೆಲೆ ಕೇಳುತ್ತಿದ್ದ. ಸೋಪು ಕೈಯಲ್ಲಿ, ಕಣ್ಣು ಅನಾನಿಯ ಹೊಟ್ಟೆಯ ಮೇಲೆ. ಅನಾನಿ ಎಡಕ್ಕೆ ತಿರುಗಿದ. ಟೋಪಿಯೂ ಎಡಕ್ಕೆ ತಿರುಗಿತು. ಅನಾನಿ ನಿಂತು ಚಪ್ಪಲಿ ಸರಿಮಾಡಿಕೊಂಡ. ಟೋಪಿಯವನೂ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ, ಆದರೆ ಅವನು ಹಾಕಿದ್ದು ಬೂಟು.

ಬಾಡಿಗೆ ಬೈಕು ಹತ್ತಿ ಅನಾನಿ ನೇರ ಮನೆಗೆ ಹೋದ. ಮನೆಯೆಂದರೆ ಏಳು ಸಂಸಾರ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ವಠಾರ. ಕೆಲಸದ ಹೊತ್ತಲ್ಲಿ ಗಂಡಸು ಮನೆಗೆ ಬಂದರೆ ಒಂದೋ ಕಾಯಿಲೆ, ಇಲ್ಲವೇ ಕೆಲಸ ಹೋಗಿರಬೇಕು. ಪಕ್ಕದ ಮನೆಯ ಗಂಜಿ ಮಾರುವ ಆಬ್ಲಾವಿ ಅತ್ತೆ ಸೌಟು ಹಿಡಿದುಕೊಂಡೇ ಹಿಂದೆ ಬಂದಳು.

ಎಸೆನಾಮ್ ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಹದಿನೈದು ವರ್ಷ ಬಟ್ಟೆಯವನ ಜೊತೆ ಬಾಳಿದವಳಿಗೆ ಅಂಗಿಯೊಳಗೆ ಏನಿದೆ ಎಂದು ಗೊತ್ತಾಗಲು ಎಷ್ಟು ಹೊತ್ತು ಬೇಕು?

"ಆರು ಗಜ," ಅಂದಳು. "ಹೊಸದು. ಯಾರಿಗೆ?"

"ಯಾರಿಗೂ ಅಲ್ಲ."

"ಯಾರಿಗೂ ಅಲ್ಲದ ಬಟ್ಟೇನ ಗಂಡಸರು ಅಂಗಿ ಒಳಗೆ ಬಚ್ಚಿಡಲ್ಲ. ಒಂದು ತುದಿ ತೋರಿಸು."

"ಆಗಲ್ಲ ಎಸೆನಾಮ್. ನಾಲ್ಕು ಗಂಟೆ ಆಗಲಿ, ಎಲ್ಲ ಹೇಳ್ತೀನಿ."

"ಬಣ್ಣ ಆದ್ರೂ ಹೇಳು."

"ನನಗೇ ಗೊತ್ತಿಲ್ಲ. ಕಣ್ಣು ಮುಚ್ಕೊಂಡು ಸುತ್ಕೊಂಡೆ."

ಆಬ್ಲಾವಿ ಅತ್ತೆ ಸೌಟನ್ನು ಗಲ್ಲಕ್ಕಾನಿಸಿಕೊಂಡಳು. "ನಮ್ಮ ಮನೆಯವರೂ ಹೀಗೇ ಶುರು ಮಾಡಿದ್ದು ಮಗಳೇ. ಮೊದಲು ಬಟ್ಟೆ ಬಚ್ಚಿಟ್ರು. ಆಮೇಲೆ ಆ ಬಟ್ಟೆ ಉಟ್ಟವಳು ನಮ್ಮ ಮನೆಗೇ ಬಂದಳು."

ಹೆಂಡತಿಯ ಕಣ್ಣಲ್ಲಿ ನೀರಿತ್ತು, ಅದು ಅನಾನಿಗೆ ನಿಜವಾಗಿಯೂ ನೋವು ಮಾಡಿತು. ಒಂದು ತುದಿ ತೋರಿಸಿದರೆ ಏನಾದೀತು ಎಂದು ಅಂಗಿಯ ಅಂಚಿಗೆ ಕೈ ಹೋಯಿತು ಕೂಡ. ಅಷ್ಟರಲ್ಲಿ ಅಂಗಳದ ಗೋಡೆಯ ಮೇಲೆ ಹಳದಿ ಟೋಪಿ ಕಾಣಿಸಿತು, ಅದರ ಪಕ್ಕದಲ್ಲಿ ಒಂದು ಫೋನು.

ಅಂಗಿಯ ಅಂಚು ಕೈಬಿಟ್ಟು ಅನಾನಿ ಹಿಂಬಾಗಿಲಿಂದ ಓಡಿದ. ಹಿಂದೆ ಎಸೆನಾಮ್ ಅಗುಳಿ ಹಾಕಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಮಧ್ಯಾಹ್ನವೆಲ್ಲ ಓಡಿದ್ದೇ ಓಡಿದ್ದು. ಇಗರ್ಜಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಟೋಪಿಯವನು ಬಂದು ಪಕ್ಕದಲ್ಲೇ ಮಂಡಿಯೂರಿದ.

"ಫೊಫೊ, ಒಂದೇ ನಿಮಿಷ. ಬಟ್ಟೆ ತುದಿ ಅಷ್ಟೇ. ನಿಮಗೇನೂ ತೊಂದರೆ ಆಗಲ್ಲ, ದೇವರಾಣೆ."

"ದೇವರ ಮನೇಲೇ ಕದಿಯೋಕೆ ಬಂದಿದೀಯ?"

"ನನಗೂ ಮನೇಲಿ ಮಕ್ಕಳಿದಾರೆ, ಸ್ವಲ್ಪ ಸಹಕರಿಸಿ. ಇಷ್ಟು ಕಷ್ಟದ ಮನುಷ್ಯ ಅಂತ ನನಗೆ ಯಾರೂ ಹೇಳಿರಲಿಲ್ಲ."

ಅನಾನಿ ಮತ್ತೆ ಎದ್ದು ಓಡಿದ. ಜನರ ನಡುವೆ ತಪ್ಪಿಸಿಕೊಳ್ಳಬಹುದೆಂದು ಮಾರುಕಟ್ಟೆಗೆ ನುಗ್ಗಿದ. ಟೊಮೆಟೊ ಸಾಲು ದಾಟಿ, ಒಣಮೀನಿನ ಸಾಲು ದಾಟಿ ಬಟ್ಟೆ ಸಾಲಿಗೆ ಬಂದ. ಹೊಟ್ಟೆಯ ಮೇಲಿನ ಸುತ್ತು ಬೆವರಿಗೆ ಸಡಿಲವಾಗಿ, ಅದನ್ನು ಅಂಗಿಯ ಮೇಲಿಂದಲೇ ಒತ್ತಿ ಹಿಡಿದಿದ್ದ. ಹಿಂದೆ ನೋಡುತ್ತ ಮುಂದೆ ಓಡಿದವನ ಕಾಲಿಗೆ ಕಾಲೇ ಸಿಕ್ಕಿಕೊಂಡು, ದಾವಿ ಮಾಬ್ಲೆಯವರ ಅಂಗಡಿಯ ನಟ್ಟನಡುವೆ ದಬಾರನೆ ಬಿದ್ದ.

ದಾವಿ ಮಾಬ್ಲೆ ಎಂದರೆ ದಾವಿ ಕೊಕೊಯೆಗೆ ಮೂವತ್ತು ವರ್ಷದ ಹಗೆ. ಅವರೂ ಅದೇ ವಾರ ಹೊಸ ನಮೂನೆ ತರಿಸಿದ್ದರು. ಗೋಣಿಯಲ್ಲಿ ಹೊಲಿದು ಮೂಲೆಯಲ್ಲಿಟ್ಟಿದ್ದ ಅದರ ಗಂಟಿನ ಮೇಲೆಯೇ ಅನಾನಿ ಬಿದ್ದದ್ದು. ಗೋಣಿ ಹರಿಯಿತು. ಕಡುನೀಲಿಯ ಮೇಲೆ ಕಿತ್ತಳೆ ಬಣ್ಣದ ಏಣಿಗಳಿದ್ದ ಬಟ್ಟೆ ದಾರಿಯುದ್ದಕ್ಕೂ ಬಿಚ್ಚಿಕೊಂಡಿತು.

ಮರುಕ್ಷಣ ಐವತ್ತು ಫೋನುಗಳು ಮೇಲೆದ್ದವು.

"ಅಯ್ಯೋ ಹಾಳಾದವನೇ, ನನ್ನ ಗುಟ್ಟೆಲ್ಲ ಬೀದಿಗೆ ಬಿತ್ತು," ಎಂದು ದಾವಿ ಮಾಬ್ಲೆ ಚಪ್ಪಲಿ ಕೈಗೆತ್ತಿಕೊಂಡರು. ಬೆನ್ನಿಗೆ ಎರಡು ಬಿದ್ದವು. ಆದರೆ ಬಟ್ಟೆ ಎತ್ತಿ ಒಳಗಿಡುವ ಆತುರ ಅವರಲ್ಲಿ ಕಾಣಲಿಲ್ಲ. ಧೂಳು ಕೊಡವುವ ನೆಪದಲ್ಲಿ ಅದನ್ನು ಇನ್ನೂ ಎರಡು ಗಜ ಅಗಲಿಸಿ, ಬಿಸಿಲಿಗೆ ಹಿಡಿದು, ಈ ಕಡೆಯಿಂದೊಮ್ಮೆ ಆ ಕಡೆಯಿಂದೊಮ್ಮೆ ಕೊಡವಿದರು. ಅನಾನಿಗೆ ಅದನ್ನೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ. ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಆರು ಗಜವೂ ಅಂಗಿಯೊಳಗೇ ಭದ್ರವಾಗಿತ್ತು. ಶತ್ರುವಿನ ಗುಟ್ಟು ಬಯಲಾಯಿತು, ನಮ್ಮದು ಉಳಿಯಿತು ಎಂದು ಒಳಗೊಳಗೇ ಹಿಗ್ಗಿ, ಕುಂಟುತ್ತ ಸಮುದ್ರದ ದಾರಿ ಹಿಡಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹೋಟೆಲ್ ತಲುಪಿದ. ದಾವಿ ಕೊಕೊಯೆ ಬಾಗಿಲಲ್ಲೇ ಕಾಯುತ್ತಿದ್ದರು.

"ತಂದಿದೀನಿ ದಾವಿ," ಅಂದ ಅನಾನಿ. ಅವನ ದನಿ ಹೆಮ್ಮೆಯಿಂದ ನಡುಗುತ್ತಿತ್ತು.

"ಯಾರ್ಯಾರು ನೋಡಿದ್ರು?"

"ಒಂದು ನರಪಿಳ್ಳೇನೂ ನೋಡಿಲ್ಲ. ನನ್ನ ಹೆಂಡ್ತಿ ಅತ್ತು ಕೇಳಿದ್ರೂ ತೋರಿಸ್ಲಿಲ್ಲ. ನಾನೇ ನೋಡಿಲ್ಲ."

ದಾವಿಯವರು ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದರು. "ಯಾರೂ ನೋಡಿಲ್ವಾ?"

ಅಷ್ಟರಲ್ಲಿ ಹಳದಿ ಟೋಪಿಯವನು ಏದುಸಿರು ಬಿಡುತ್ತ ಒಳಗೆ ಬಂದ. ಅನಾನಿ ಎದೆ ಮುಂದೆ ಮಾಡಿ ಮಾಲಕಿಯ ಮುಂದೆ ಅಡ್ಡ ನಿಂತ.

"ದಾವಿ, ನನ್ನ ಕೈಲಾಗ್ಲಿಲ್ಲ," ಅಂದ ಟೋಪಿಯವನು, ಅನಾನಿಯ ಹೆಗಲ ಮೇಲಿಂದ. "ಹೊಟ್ಟೇಲಿ ಮಾತು ನಿಲ್ಲದ ಮನುಷ್ಯ, ಒಂದು ಲೋಟ ಬಿಯರ್ ಕುಡಿಸಿದ್ರೆ ತಾನೇ ಬಿಚ್ಚಿ ತೋರಿಸ್ತಾನೆ ಅಂದ್ರಿ. ಇವನು ಮನುಷ್ಯ ಅಲ್ಲ, ಕಬ್ಬಿಣದ ಪೆಟ್ಟಿಗೆ. ಬೆಳಗಿಂದ ನನ್ನ ಬೂಟು ಸವೆದುಹೋಯ್ತು."

ಅನಾನಿ ಟೋಪಿಯವನ ಕಡೆ ನೋಡಿದ, ಮಾಲಕಿಯ ಕಡೆ ನೋಡಿದ. "ಇವನು ನಿಮ್ಮ ಕಡೆಯವನಾ?"

"ಕದಿಯೋಕೆ ಯೋಗ್ಯ ಅಲ್ಲದ ಬಟ್ಟೇನ ಯಾರು ಕೊಳ್ತಾರೆ ಅನಾನಿ?" ದಾವಿಯವರ ದನಿಯಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಿತ್ತು. "ಇವನು ಹತ್ತು ಗಂಟೆಗೆ ಫೋಟೊ ತೆಗೀಬೇಕಿತ್ತು. ಹನ್ನೊಂದಕ್ಕೆ ಅದು ಕೊಟೊನು, ಹನ್ನೆರಡಕ್ಕೆ ಅಬಿಜಾನ್, ಊಟದ ಹೊತ್ತಿಗೆ ನಿಯಾಮೆ ತಲುಪಬೇಕಿತ್ತು. ಕದ್ದು ನೋಡಿದ್ದನ್ನ ಜನ ಜಗಳ ಆಡಿ ಕೊಳ್ತಾರೆ. ನಕಲು ಬರೋಕೆ ಒಂದು ತಿಂಗಳು ಬೇಕು, ನನ್ನ ಮಾಲು ಮೂರು ದಿನದಲ್ಲಿ ಖಾಲಿ ಆಗ್ತಿತ್ತು. ಇಡೀ ಲೋಮೇಲಿ ಹುಡುಕಿ ಹುಡುಕಿ ನಿನ್ನ ಕೈಗೆ ಯಾಕೆ ಕೊಟ್ಟೆ ಅಂದ್ಕೊಂಡೆ? ಒಂದು ವರ್ಷದ ಹಿಂದೆ ಆ ಮೀನಿನ ನಮೂನೆ ಎರಡೇ ದಿನದಲ್ಲಿ ಮುಗಿದದ್ದು ನಿನ್ನ ಬಾಯಿಂದ."

ಒಳಗಿನ ಕೋಣೆಯಲ್ಲಿ ಐದು ದೇಶದ ವ್ಯಾಪಾರಿ ಹೆಂಗಸರು ಹುರಿದ ಗೆಣಸು ಮೆಲ್ಲುತ್ತ ಫೋನುಗಳ ಮೇಲೆ ಬಗ್ಗಿದ್ದರು. ಅವರ ಮುಂದೆ ಅನಾನಿ ಗಿರಕಿ ಹೊಡೆಯುತ್ತ ಆರು ಗಜ ಬಿಚ್ಚಿಕೊಟ್ಟ. ಹಸಿರು ಎಲೆಗಳ ನಡುವೆ ಬಿಳಿ ಕೊಕ್ಕರೆಗಳು, ನೋಡಲು ಚೆಂದವೇ ಇತ್ತು, ಕೊಂಚ ಬೆವರು ಮೆತ್ತಿದ್ದು ಬಿಟ್ಟರೆ.

ಅಬಿಜಾನಿನವಳು ಕತ್ತು ಕೂಡ ಎತ್ತಲಿಲ್ಲ. "ಚೆನ್ನಾಗಿದೆ ದಾವಿ. ಹೆಸರೇನು?"

ನಮ್ಮಲ್ಲಿ ಹೆಸರು ಬೀಳದ ಬಟ್ಟೆ ಬಿಕರಿಯಾಗುವುದಿಲ್ಲ. ಹೆಸರಿಡುವವರು ಗಿರಣಿಯವರಲ್ಲ, ಮಾರುಕಟ್ಟೆಯ ಹೆಂಗಸರು. ಆ ದಿನ ಊರಿನಲ್ಲಿ ಯಾವ ಸುದ್ದಿ ಓಡುತ್ತಿದೆಯೋ ಅದೇ ಬಟ್ಟೆಯ ಹೆಸರು. 'ಅತ್ತೆ ನಾಳೆ ಹೊರಡ್ತಾಳೆ' ಎಂಬ ಒಂದು ನಮೂನೆ ಇಪ್ಪತ್ತು ವರ್ಷ ಮಾರಾಟವಾಗಿದೆ.

"ಇನ್ನೂ ಹೆಸರಿಟ್ಟಿಲ್ಲ," ಅಂದರು ದಾವಿ ಕೊಕೊಯೆ ಮೆಲ್ಲಗೆ.

"ಮಾಬ್ಲೆಯವರದಕ್ಕೆ ಆಗಲೇ ಬಿದ್ದಾಯ್ತು, ನೋಡಿ," ಎಂದು ಕೊಟೊನುವಿನವಳು ಫೋನು ತಿರುಗಿಸಿದಳು. ನೀಲಿ ಬಟ್ಟೆ, ಕಿತ್ತಳೆ ಏಣಿ, ಅದರ ಮೇಲೆ ಕೈಕಾಲು ಚೆಲ್ಲಿ ಬಿದ್ದ ಒಬ್ಬ ದಪ್ಪ ಹೊಟ್ಟೆಯ ಗಂಡಸು. "'ಅನಾನಿ ಬಿದ್ದ' ಅಂತ. ವಾಗಾಡುಗುವಿನಿಂದ ನನ್ನ ನಾದಿನಿ ಆಗಲೇ ಹತ್ತು ಗಂಟು ಹೇಳಿದಾಳೆ. ನಾನು ಇನ್ನೂರು ಬರೆಸಿಬಿಟ್ಟೆ."

ಉಳಿದ ನಾಲ್ವರೂ ತಾವು ತಾವು ಎಷ್ಟೆಷ್ಟು ಬರೆಸಿದೆವೆಂದು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ದಾವಿ ಕೊಕೊಯೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಬಿದ್ದವನ ಮುಖವನ್ನು ಬಹಳ ಹೊತ್ತು ನೋಡಿದರು.

ಆಗ ದಾವಿ ಮಾಬ್ಲೆಯವರ ಕಾರಿನ ಚಾಲಕ ಬಾಗಿಲಲ್ಲಿ ಕಾಣಿಸಿಕೊಂಡ. ಎರಡೂ ಕೈಯಲ್ಲಿ ನೀಲಿ ಬಟ್ಟೆಯ ಹನ್ನೆರಡು ಗಜದ ಪೂರ್ತಿ ಥಾನು, ಮೇಲೊಂದು ರೇಷ್ಮೆ ದಾರ.

"ಫೊಫೊ ಅನಾನಿ ಯಾರು? ನಮ್ಮ ದಾವಿ ಕಳಿಸಿದಾರೆ. ಬೆನ್ನಿಗೆ ಹೊಡೆದದ್ದು ಜನ ನೋಡಲಿ ಅಂತ, ಮನಸ್ಸಿಗೆ ತಗೋಬೇಡಿ ಅಂದ್ರು. ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ ಅಂತಾನೂ ಹೇಳು ಅಂದ್ರು."

ಬೇಡವೆನ್ನುವಷ್ಟರಲ್ಲಿ ಥಾನು ಅನಾನಿಯ ತೋಳಿನ ಮೇಲಿತ್ತು. ಕೋಣೆಯ ಹೆಂಗಸರೆಲ್ಲ ಎದ್ದು ಬಂದರು.

"ನೀವೇನಾ ಆ ಅನಾನಿ? ಒಂದು ಸಲ ಇಲ್ಲೇ ಬಿದ್ದು ತೋರಿಸಿ, ನಮ್ಮೂರಿಗೆ ಕಳಿಸ್ತೀವಿ," ಎಂದು ಅಬಿಜಾನಿನವಳು ಫೋನು ಎತ್ತಿದಳು.

ದಾವಿ ಕೊಕೊಯೆ ಮಾತ್ರ ಕೂತಲ್ಲಿಂದ ಏಳಲಿಲ್ಲ. ಬೆಳಗಿನಿಂದ ಅನಾನಿ ಇಡೀ ಲೋಮೆಯನ್ನು ನೋಡಿದ್ದ ಅದೇ ಅನುಮಾನದ ಕಣ್ಣಿನಲ್ಲೇ ಅವರೀಗ ಅವನನ್ನು ನೋಡುತ್ತಿದ್ದರು.

"ಅಷ್ಟು ಅಂಗಡಿ ಇರುವಾಗ ಅವಳ ಅಂಗಡೀಲೇ ಬಿದ್ದೆ, ಅವಳ ಗಂಟಿನ ಮೇಲೇ ಬಿದ್ದೆ," ಅಂದರು. "ನಿಜ ಹೇಳು ಅನಾನಿ, ಮಾಬ್ಲೆ ನಿನಗೆ ಯಾವ ಊರಿನ ಅಂಗಡಿ ಕೊಡ್ತೀನಿ ಅಂದ್ಲು?"