ಓಲೋಫನ ರ‍್ಯಾಕೆಟ್ಟಿಗೆ ನಾನು ಮಾಡಿದ ಆಯುಧಪೂಜೆ

ಸ್ವೀಡನ್ ದೇಶದ ವೃತ್ತಿಪರ ಟೆನಿಸ್ ಆಟಗಾರನೊಬ್ಬನ ಭವಿಷ್ಯವನ್ನು ನಾನು ಹಾಳು ಮಾಡಿದೆ ಎಂಬ ಸುದ್ದಿ ನಮ್ಮ ಜರಗನಹಳ್ಳಿಯಲ್ಲಿ ಹಬ್ಬಿದೆ. ಹಬ್ಬಿಸಿದವಳು ನನ್ನ ಹೆಂಡತಿ ಸುಶೀಲ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವಾಕೆ ಕೂಡ ನನ್ನನ್ನು ಕಂಡರೆ, "ಅಣ್ಣ, ಆ ಬಿಳೀ ಹುಡುಗ ಹೆಂಗವ್ನೆ ಪಾಪ?" ಎಂದು ಕೇಳುತ್ತಾಳೆ. ಆ 'ಪಾಪ'ವನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ. ಓದಿದ ಮೇಲೆ ತಪ್ಪು ನನ್ನದಲ್ಲ ಎಂದು ನಿಮಗೇ ಗೊತ್ತಾಗುತ್ತದೆ!

ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ಬಾಡಿಗೆದಾರರನ್ನು ಬೆಳೆಯುತ್ತೇನೆ. ಕೆಳಗಿನ ಮನೆಯಲ್ಲಿ ನಾನು, ಸುಶೀಲ, ನನ್ನ ತಾಯಿ. ಮೇಲಿನ ಮೂರು ಮಹಡಿಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ತಾರಸಿಯ ಮೇಲಿನ ಒಂಟಿ ಕೋಣೆಗೆ ದಸರೆಗೆ ಎರಡು ವಾರ ಮುಂಚೆ ಬಂದವನೇ ಓಲೋಫ್. ನಗರದಲ್ಲಿ ಯಾವುದೋ ಟೂರ್ನಿ ಇತ್ತು. ಹೋಟೆಲಿಗಿಂತ ನಮ್ಮ ಕೋಣೆ ಅಗ್ಗ ಎಂದು ಯಾರೋ ಹೇಳಿದ್ದರಂತೆ. ಆರೂವರೆ ಅಡಿ ಎತ್ತರದ ಮನುಷ್ಯ. ಮೊದಲ ದಿನವೇ ಬಾಗಿಲಿಗೆ ಹಣೆ ಬಡಿಸಿಕೊಂಡು "ಓಕೆ" ಎಂದ. ಸಾರು ಖಾರವಾದರೂ ಓಕೆ, ನಲ್ಲಿಯಲ್ಲಿ ನೀರು ಬರದಿದ್ದರೂ ಓಕೆ! ಇಂಥ ಬಾಡಿಗೆದಾರ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಟೆನಿಸ್ ಆಟಗಾರರೆಂದರೆ ಭಾರೀ ಕುಳಗಳು ಎಂದುಕೊಂಡಿದ್ದೆ. ಓಲೋಫ್ ತನ್ನ ಬನಿಯನ್ನನ್ನು ತಾನೇ ಒಗೆದು ನಮ್ಮ ತಾರಸಿಯ ಹಗ್ಗಕ್ಕೆ ಹಾಕುತ್ತಿದ್ದ. ಹದಿನಾರು ವರ್ಷದಿಂದ ಊರೂರು ಅಲೆದು ಸಣ್ಣ ಸಣ್ಣ ಟೂರ್ನಿಗಳಲ್ಲಿ ಆಡುತ್ತಿದ್ದನಂತೆ, ಅವುಗಳಲ್ಲೂ ಅರ್ಹತಾ ಸುತ್ತಿನಲ್ಲಿ. ಒಮ್ಮೆ ಮಾತ್ರ, ಮುಂದೆ ಬಹಳ ದೊಡ್ಡ ಹೆಸರು ಮಾಡಿದ ಒಬ್ಬನ ಮೇಲೆ ಒಂದು ಸೆಟ್ ಗೆದ್ದಿದ್ದ. ಅದನ್ನು ಹೇಳುವಾಗ ಅವನ ಕಿವಿಗಳು ಕೆಂಪಾದವು.

"ಆಮೇಲೆ?" ಎಂದೆ ನಾನು, ನನ್ನ ಇಂಗ್ಲಿಷಿನಲ್ಲಿ.

"ಆಮೇಲಿನ ಎರಡು ಸೆಟ್ ಅವನು ಗೆದ್ದ," ಎಂದ. ಸಮಾಧಾನಕ್ಕಾದರೂ ಒಂದು ಸುಳ್ಳು ಹೇಳಲು ಬಾರದ ಪ್ರಾಣಿ.

ಒಂದು ಸಂಜೆ ಅವ್ವ ಅವನಿಗೆ ಮುದ್ದೆ ಬಡಿಸಿದ್ದಳು. ನುಂಗಬೇಕಾದ ಮುದ್ದೆಯನ್ನು ಅವನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತ ಕೂತಿದ್ದ. ನಡುವೆ ತಟ್ಟನೆ ಹೇಳಿದ: "ಇದು ನನ್ನ ಕೊನೆಯ ಟೂರ್ನಿ ಇರಬಹುದು. ಈ ವರ್ಷ ಒಂದು ಮ್ಯಾಚೂ ಗೆದ್ದಿಲ್ಲ. ಇಲ್ಲಿ ಒಂದು ಗೆದ್ದರೆ ಇನ್ನೊಂದು ವರ್ಷ ಆಡ್ತೀನಿ. ಇಲ್ಲದಿದ್ರೆ ಊರಿಗೆ ಹೋಗಿ ಭಾವನ ಜೊತೆ ದೋಣಿಗಳಿಗೆ ಬಣ್ಣ ಹೊಡೀತೀನಿ."

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವನ ಕಣ್ಣು ತುಂಬಿತು. "ಹದಿನಾರು ವರ್ಷ ದುಡಿದವ್ನು ದೋಣಿಗೆ ಬಣ್ಣ ಬಳೀಬೇಕಾ? ನೀನೇನಾದ್ರೂ ಮಾಡೋ!"

ನಾನು ಮಾಡಿದೆ. ಅಲ್ಲೇ ಎಡವಟ್ಟಾಯಿತು.

ಅವನ ಮೊದಲ ಮ್ಯಾಚು ಆಯುಧಪೂಜೆಯ ದಿನವೇ ಬಿತ್ತು, ಮಧ್ಯಾಹ್ನ ಎರಡು ಗಂಟೆಗೆ. ನನಗೆ ಇದು ದೈವಸಂಕಲ್ಪದ ಹಾಗೆ ಕಂಡಿತು. ಬೆಳಗ್ಗೆ ಅವನು ಓಡಲು ಹೊರಟಿದ್ದಾಗ ಗೇಟಿನಲ್ಲಿ ತಡೆದು, "ಇವತ್ತು ನಮ್ಮಲ್ಲಿ ಆಯುಧಗಳಿಗೆ ಪೂಜೆ. ನಿನ್ನ ರ‍್ಯಾಕೆಟ್ಟುಗಳಿಗೂ ಮಾಡ್ಲಾ?" ಎಂದು ಕೇಳಿದೆ.

"ಓಕೆ," ಎಂದು ಓಡಿಹೋದ.

ಪೂಜೆಗೆ ಮುಂಚೆ ಆಯುಧವನ್ನು ತೊಳೆದು ಎಣ್ಣೆ ಹಚ್ಚಬೇಕು. ಇದು ಯಾರಿಗೆ ಗೊತ್ತಿಲ್ಲ? ಅವನ ಮೂರು ರ‍್ಯಾಕೆಟ್ಟುಗಳನ್ನೂ ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿದೆ. ಹಿಡಿಯ ಸುತ್ತ ಯಾವುದೋ ಕೊಳಕು ಪಟ್ಟಿ ಸುತ್ತಿಕೊಂಡಿದ್ದ, ಬೆವರು ಹಿಡಿದು ಕಪ್ಪಾಗಿತ್ತು. ಪಾಪ, ಒಂಟಿ ಗಂಡಸು, ಯಾರು ನೋಡಬೇಕು ಎಂದು ಮರುಗಿ, ಮೂರರದ್ದೂ ಬಿಚ್ಚಿ ಬಿಸಾಡಿದೆ. ಆಮೇಲೆ ಹಿಡಿಗಳಿಗೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದೆ. ಮುಖ ಕಾಣುವಷ್ಟು ಹೊಳಪು ಬಂತು! ಅವನ ಚೀಲದಲ್ಲಿ ಬಿಳಿ ಟೇಪಿನ ಹೊಸ ಸುರುಳಿಗಳೂ ಇದ್ದವು. ಸ್ಕೂಟರಿನ ಹ್ಯಾಂಡಲ್ಲಿಗೆ ಬಾಳೆಕಂದು ಕಟ್ಟಲು ಅವು ಬಹಳ ಅನುಕೂಲವಾದವು.

ಸುಶೀಲ ಮಿಕ್ಸಿ ತಂದಿಡುತ್ತ ಒಮ್ಮೆ ನಿಂತು ನೋಡಿದಳು.

"ರೀ, ಅವ್ನನ್ನ ಒಂದ್ ಮಾತು ಕೇಳಿದ್ರಾ?"

"ಕೇಳಿದೀನಿ. ಓಕೆ ಅಂದ."

"ಬಾಗ್ಲಿಗೆ ತಲೆ ಚಚ್ಕೊಂಡಾಗ್ಲೂ ಓಕೆ ಅಂದಿದ್ದ!"

ಒಳ್ಳೆ ಕೆಲಸಕ್ಕೆ ಹೊರಟಾಗ ಹೀಗೆ ಅಡ್ಡ ಮಾತಾಡುವುದು ಅವಳ ಅಭ್ಯಾಸ. ನಾನು ಗಮನ ಕೊಡಲಿಲ್ಲ. ಮೋಟರ್ ಪಂಪು, ಸ್ಪ್ಯಾನರ್, ಮಿಕ್ಸಿ, ಅವ್ವನ ಹಳೇ ಕುಡುಗೋಲು ಇವುಗಳ ನಡುವೆ ಮಣೆಯ ಮೇಲೆ ಮೂರು ರ‍್ಯಾಕೆಟ್ಟುಗಳನ್ನು ನಿಲ್ಲಿಸಿದೆ. ತಂತಿಗಳ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ. ಮಂಗಳಾರತಿ ಎತ್ತುವಾಗ ನನಗೇ ಮೈ ಜುಮ್ಮೆಂದಿತು.

ಓಲೋಫ್ ಸ್ನಾನ ಮುಗಿಸಿ ಇಳಿದು ಬಂದಾಗ ಹನ್ನೊಂದೂವರೆ. ಮಣೆಯ ಮುಂದೆ ತುಂಬ ಹೊತ್ತು ನಿಂತ. ಆಮೇಲೆ "ಓ...ಕೆ" ಎಂದ. ಆ ಓಕೆ ಬಾಯಿಂದ ಹೊರಬರಲು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಅದೇ ಮೊದಲು ಕಂಡೆ. ಅವನು ರ‍್ಯಾಕೆಟ್ಟಿಗೆ ಕೈ ಚಾಚಿದ.

"ಮುಟ್ಬೇಡ!" ಅವ್ವ ಕೂಗಿದಳು. ಆರೂವರೆ ಅಡಿಯ ಆಳು ಹಿಂದಕ್ಕೆ ಹಾರಿದ. "ಪೂಜೆಗಿಟ್ಟ ಆಯುಧ ನಾಳೆ ಕದಲಿಸೋ ತನಕ ಮುಟ್ಟಂಗಿಲ್ಲ. ನಿಮ್ಮಪ್ಪನ ಕಾಲದಿಂದ ನಡ್ಕೊಂಡ್ ಬಂದಿರೋದು."

ನಮ್ಮ ಮನೆಯ ಪದ್ಧತಿ ನಿಜವಾಗಿಯೂ ಅದೇ! ಎಷ್ಟೋ ವರ್ಷದಿಂದ ಹಬ್ಬದ ದಿನ ನನಗೆ ಬೇಕಾಗುತ್ತಿದ್ದದ್ದು ಸ್ಕೂಟರ್ ಒಂದೇ ಆದ್ದರಿಂದ ಮರೆತೇಬಿಟ್ಟಿದ್ದೆ.

"ಅವ್ವ, ಅವ್ನ ಮ್ಯಾಚು ಇವತ್ತೇ! ಸ್ಕೂಟರ್ ಓಡಿಸ್ತೀವಲ್ಲ, ಅದ್ಕೇನಂತೀಯಾ?"

"ಅದು ಗಾಡಿ. ನಿಂಬೆಹಣ್ಣಿನ್ ಮೇಲೆ ಹತ್ತಿಸ್ಕೊಂಡು ಹೊರಡ್ಬೋದು. ಇದು ಆಯುಧ. ಕೂತಿರ್ಬೇಕು."

ಗಡಿಯಾರ ಓಡುತ್ತಿತ್ತು. ಓಲೋಫ್ ನಮ್ಮಿಬ್ಬರ ಮುಖವನ್ನು ಅತ್ತಿಂದಿತ್ತ ನೋಡುತ್ತಿದ್ದ. ಅವನ ಇನ್ನೊಂದು ವರ್ಷ ಅವ್ವನ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಎಲ್ಲ ಬುದ್ಧಿಯನ್ನೂ ಖರ್ಚು ಮಾಡಿ ವಾದ ಹೂಡಿದೆ: "ಹದಿನಾರು ವರ್ಷ ಇವ್ನನ್ನ ದೇಶ ದೇಶ ಸುತ್ತಿಸಿರೋದು ಯಾವ್ದು? ಈ ಬ್ಯಾಟೇ ತಾನೆ? ಮನುಷ್ಯನ್ನ ಊರಿಂದೂರಿಗೆ ಕರ್ಕೊಂಡ್ ಹೋಗೋದು ಗಾಡಿ ಅಲ್ದೆ ಇನ್ನೇನವ್ವ?"

ಅವ್ವ ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದಳು. ಅಡಿಕೆ ಪೂರ್ತಿ ನುರಿಯುವವರೆಗೂ ಯೋಚಿಸಿದಳು. ಕೊನೆಗೆ ತೀರ್ಪು ಬಂತು.

"ಸರಿ. ಗಾಡಿ ಅಂದ್ಮೇಲೆ ನಿಂಬೆಹಣ್ಣು ಒಡೀಲಿ."

ಬ್ಯಾಟಿಗೊಂದರಂತೆ ಮೂರು ನಿಂಬೆಹಣ್ಣು. "ಇದನ್ನು ರ‍್ಯಾಕೆಟ್ಟಿನಿಂದ ಒಡಿ" ಎಂದು ಓಲೋಫನಿಗೆ ಹೇಳಿದೆ. ನೆಲದ ಮೇಲಿಟ್ಟು ಮೆಲ್ಲಗೆ ಒತ್ತು ಎಂದು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ವೃತ್ತಿಪರ ಆಟಗಾರ ಏನು ಮಾಡುತ್ತಾನೆ? ನಿಂಬೆಹಣ್ಣನ್ನು ಮೇಲಕ್ಕೆಸೆದು ಸರ್ವ್ ಮಾಡಿದ! ಫಟ್ ಎಂದಿತು. ತಂತಿ ಕಿತ್ತುಹೋಯಿತು. ಅರ್ಧ ಹೋಳು ಎದುರು ಮನೆಯ ಮುನಿರಾಜು ಅವರ ಹೊಸ ಕಾರಿನ ಗಾಜಿಗೆ ಅಪ್ಪಳಿಸಿತು, ಇನ್ನರ್ಧದ ರಸ ನನ್ನ ಕಣ್ಣಿಗೆ ಬಿತ್ತು. ಉಳಿದ ಎರಡನ್ನು ಅವ್ವನೇ ರ‍್ಯಾಕೆಟ್ಟಿನ ಕೆಳಗಿಟ್ಟು ಒತ್ತಿದಳು.

ಹನ್ನೆರಡೂಮುಕ್ಕಾಲು. "ಮೆಟ್ರೋಲಿ ಹೋಗಿ, ಆರಾಮಾಗಿ ಸೇರ್ಕೋತೀರ," ಎಂದಳು ಸುಶೀಲ. ನಾನು ಒಪ್ಪುತ್ತೇನೆಯೇ? ಈಗಷ್ಟೇ ಪೂಜೆಯಾದ ಸ್ಕೂಟರನ್ನು ಬಿಟ್ಟು ಹೋದರೆ ಪೂಜೆಗೆ ಅವಮಾನ! ಓಲೋಫ್ ಹಿಂದೆ ಕೂತ. ಅವನ ಮೊಣಕಾಲುಗಳು ನನ್ನ ಎರಡು ಪಕ್ಕದಲ್ಲಿ ಕನ್ನಡಿಯ ಮಟ್ಟಕ್ಕೆ ಬಂದವು. ಮುಂದೆ ಎರಡು ಬಾಳೆಕಂದುಗಳ ನಡುವಿನ ಸಂದಿಯಲ್ಲಿ ರಸ್ತೆ ಎಷ್ಟು ಕಾಣಿಸಿತೋ ಅಷ್ಟರಲ್ಲಿ ಹೊರಟೆ.

ಆಯುಧಪೂಜೆಯ ದಿನ ಕನಕಪುರ ರಸ್ತೆಯಲ್ಲಿ ಒಂದೊಂದು ಅಂಗಡಿಯ ಮುಂದೂ ಒಂದೊಂದು ಬೂದುಗುಂಬಳಕಾಯಿ ಒಡೆದು ಬಿದ್ದಿರುತ್ತದೆ. ಸಾರಕ್ಕಿ ಸಿಗ್ನಲ್ಲಿನ ಹತ್ತಿರ ಅಂಥದ್ದೊಂದರ ಮೇಲೆ ನಮ್ಮ ಮುಂಚಕ್ರ ಹತ್ತಿತು. ಆಮೇಲೆ ನಾವು ಸ್ಕೂಟರಿನ ಮೇಲೆ ಇರಲಿಲ್ಲ. ನಾನು ಕುಂಬಳಕಾಯಿಯ ಮೇಲೆ, ನನ್ನ ಮೇಲೆ ಓಲೋಫ್, ಅವನ ತೋಳುಗಳಲ್ಲಿ ಎದೆಗೆ ಅವುಚಿಕೊಂಡ ರ‍್ಯಾಕೆಟ್ ಚೀಲ. ಯಾರಿಗೂ ಪೆಟ್ಟಾಗಲಿಲ್ಲ. "ಓಕೆ?" ಎಂದು ಅವನೇ ನನ್ನನ್ನು ಕೇಳಿದ.

ಸ್ಕೂಟರನ್ನು ಅಂಗಡಿಯೊಂದರ ಮುಂದೆ ಬಿಟ್ಟು ಮೆಟ್ರೋಗೆ ಓಡಿದೆವು. ತಪಾಸಣೆಯಲ್ಲಿ ಚೀಲ ತೆರೆಸಿದರು. "ಇದೇನ್ ಸಾರ್ ಇದು, ಇಷ್ಟು ಕುಂಕುಮ?" ಎಂದರು ಅಲ್ಲಿದ್ದ ಹೆಣ್ಣುಮಗಳು.

"ಗಾಡಿ ಮೇಡಂ," ಎಂದೆ ನಾನು, ಗಡಿಬಿಡಿಯಲ್ಲಿ.

ಹದಿನೈದು ನಿಮಿಷ ತಡವಾದರೆ ಆಡದೆಯೇ ಸೋತ ಹಾಗಂತೆ. ನಾವು ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ಅಂಕಣ ಮುಟ್ಟಿದೆವು. ಸುಶೀಲ ಮತ್ತು ಅವ್ವ ನಮಗಿಂತ ಮುಂಚೆಯೇ ಮೆಟ್ರೋದಲ್ಲಿ ಬಂದು ಕಡ್ಲೆಪುರಿ ತಿನ್ನುತ್ತ ಕೂತಿದ್ದರು. "ಬಂದ್ರಾ?" ಎಂದಳು ಸುಶೀಲ.

ಓಲೋಫ್ ಹಿಡಿಯನ್ನು ಹಿಡಿದ. ಜಾರಿತು. ಒರೆಸಿ ಹಿಡಿದ. ಜಾರಿತು. ನಾನು ಅಷ್ಟು ಪ್ರೀತಿಯಿಂದ ತಿಕ್ಕಿದ ಎಣ್ಣೆ! ಚೀಲದಲ್ಲಿ ಟೇಪಿಗಾಗಿ ತಡಕಾಡಿದ. ಹೂವು ಸಿಕ್ಕಿತು, ಬಾಳೆಹಣ್ಣು ಸಿಕ್ಕಿತು. ತಲೆಯೆತ್ತಿ ನನ್ನ ಕಡೆ ನೋಡಿದ. ಟೇಪು ಸಾರಕ್ಕಿ ಸಿಗ್ನಲ್ಲಿನಲ್ಲಿ ಬಾಳೆಕಂದು ಕಟ್ಟಿಕೊಂಡಿದೆ ಎಂದು ಯಾವ ಬಾಯಿಂದ ಹೇಳಲಿ? ನಾನು ಆಕಾಶ ನೋಡಿದೆ.

ಮೂರನೇ ಸರ್ವಿಗೆ ರ‍್ಯಾಕೆಟ್ ಅವನ ಕೈಯಿಂದ ಚೆಂಡಿಗಿಂತ ವೇಗವಾಗಿ ಹೋಯಿತು. ಮತ್ತೊಮ್ಮೆ ಹೋದಾಗ ಅಂಪೈರು, ಸಿಟ್ಟಿನಿಂದ ರ‍್ಯಾಕೆಟ್ ಎಸೆದದ್ದಕ್ಕೆ ಎಂದು ಎಚ್ಚರಿಕೆ ಕೊಟ್ಟರು. ಹದಿನಾರು ವರ್ಷದಲ್ಲಿ ಸೊಳ್ಳೆಗೂ ಗದರದ ಮನುಷ್ಯನಿಗೆ! ಆರು-ಸೊನ್ನೆ, ಮೊದಲ ಸೆಟ್ ಹೋಯಿತು. ನೋಡಲಾರದೆ ಎದುರಾಳಿಯೇ ಬಂದು ತನ್ನ ಚೀಲದಿಂದ ಒಂದು ಟೇಪಿನ ಸುರುಳಿ ಕೊಟ್ಟ.

ಎರಡನೇ ಸೆಟ್ಟಿನಲ್ಲಿ ಓಲೋಫ್ ಆಡಿದ್ದು ಬೇರೆಯೇ ಆಟ. ಅಂಕಣದ ಆ ಮೂಲೆಯಿಂದ ಈ ಮೂಲೆಗೆ ಓಡಿದ, ಬಿದ್ದ, ಎದ್ದ. ಅವ್ವ ಎದ್ದುನಿಂತು "ಹೊಡಿ ಮಗಾ!" ಎಂದು ಕೂಗಿದಳು. ಐದು-ಐದು. ಆಮೇಲೆ ಏಳು-ಐದು, ಅವನಿಗಲ್ಲ. ಓಲೋಫ್ ನೆಟ್ಟಿನ ಹತ್ತಿರ ಹೋಗಿ ಕೈಕುಲುಕಿ, ಬೆಂಚಿನ ಮೇಲೆ ಕೂತು, ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡ. ತುಂಬ ಹೊತ್ತು ತೆಗೆಯಲಿಲ್ಲ. ನನಗೆ ಅಳು ಬಂತು, ನಿಜವಾಗಿ.

ವಾಪಸು ಮೆಟ್ರೋದಲ್ಲಿ ಅವನ ಪಕ್ಕದಲ್ಲೇ ಕೂತೆ. ಎಣ್ಣೆಯ ವಿಷಯ, ಬಿಸಾಡಿದ ಪಟ್ಟಿಯ ವಿಷಯ, ಟೇಪಿನ ವಿಷಯ ಎಲ್ಲ ಒಪ್ಪಿಕೊಂಡೆ. ಅವನು ತಲೆಯಾಡಿಸುತ್ತ ಕೇಳಿದ. ಜಯನಗರ ಬರುವಷ್ಟರಲ್ಲಿ ನನ್ನ ಪಶ್ಚಾತ್ತಾಪ ಮುಗಿದು, ನನಗೇ ಸ್ವಲ್ಪ ಸಮಾಧಾನ ಬೇಕೆನಿಸಿತು.

"ಆದ್ರೂ ಓಲೋಫ್, ನೀನು ಸೋತದ್ದಕ್ಕೆ ನಾನೇ ಕಾರಣ ಅಂತ ಏನಿಲ್ಲ, ಅಲ್ವಾ?"

ಬೇರೆ ಯಾರಾದರೂ ಆಗಿದ್ದರೆ, ಛೇ ಛೇ, ಇಲ್ಲ ಎನ್ನುತ್ತಿದ್ದರು. ಓಲೋಫ್, ಹೊರಡುವಾಗ ಅವ್ವ ಹಣೆಗಿಟ್ಟಿದ್ದ ಕುಂಕುಮವನ್ನು ಉಜ್ಜಿಕೊಳ್ಳುತ್ತ ಎರಡು ಸ್ಟೇಷನ್ ದಾಟುವವರೆಗೂ ಪ್ರಾಮಾಣಿಕವಾಗಿ ಯೋಚಿಸಿದ.

"ಎರಡನೇ ಸೆಟ್ ನಾನು ಸೋತದ್ದು," ಎಂದ. "ಕೈ ಸರಿ ಇತ್ತು, ಆದರೂ ಸೋತೆ. ಅದಕ್ಕೇ ಇನ್ನು ಸಾಕು. ದೋಣಿಗೆ ಬಣ್ಣ ಹೊಡೀತೀನಿ."

"ಮತ್ತೆ ಮೊದಲನೇದು?"

"ಮೊದಲನೇದು ನೀವು ಸೋತದ್ದು."

ಹೀಗಾಗಿ, ಜೀವನದಲ್ಲಿ ಒಮ್ಮೆಯೂ ಅಂಕಣಕ್ಕೆ ಇಳಿಯದ ನಾನು, ಅಂತರರಾಷ್ಟ್ರೀಯ ಟೆನಿಸ್‌ನಲ್ಲಿ ಒಂದು ಸೆಟ್ ಸೋತಿದ್ದೇನೆ. ಒಂದು ಗೇಮಾದರೂ ಗೆದ್ದಿದ್ದರೆ ಹೇಳಿಕೊಳ್ಳಬಹುದಿತ್ತು!