ಅಳಿಯನ ವಿಚಾರಣೆಗೆ ಹಳೇ ಗೇಮಿಗೆ

ನಮ್ಮ ಮನೆಯಲ್ಲಿ ನೆಟ್ಟಗೆ ಆಗುವ ಕೆಲಸ ಒಂದೂ ಇಲ್ಲ. ಫ್ಯಾನ್ ರಿಪೇರಿಗೆ ಬಂದವನು ಚಹಾ ಕುಡಿದು, ನಮ್ಮ ಊರು ವಿಚಾರಿಸಿ, ತನ್ನ ತಂಗಿಯ ಮದುವೆಗೆ ಕರೆದು ಹೋಗುತ್ತಾನೆ. ಫ್ಯಾನು ಮಾತ್ರ ತಿರುಗುವುದಿಲ್ಲ. ಅಂಥ ಮನೆಯಲ್ಲಿ ಮಗಳ ಮದುವೆಯ ಮಾತುಕತೆ ಸುಸೂತ್ರವಾಗಿ ನಡೆದೀತು ಎಂದು ನಾನು ಹೇಗೆ ನಂಬಿದೆನೋ ಗೊತ್ತಿಲ್ಲ.

೧. ಕಾಣದ ಹುಡುಗ

ಹುಡುಗನನ್ನು ಮಗಳೇ ಆರಿಸಿಕೊಂಡಿದ್ದಳು. ನಮ್ಮ ಮುಂಬೈಯಲ್ಲೇ, ಪರೇಲ್‌ನಲ್ಲಿ ನೌಕರಿ, ಮುಲುಂಡ್‌ನಲ್ಲಿ ಒಬ್ಬನೇ ವಾಸ, ತಂದೆತಾಯಿ ವಿಜಯಪುರದಲ್ಲಿ. ನನಗೆ ಒಪ್ಪಿಗೆಯಾಗಿತ್ತು. ಹೆಂಡತಿಯದು ಒಂದೇ ಹಟ.

"ಅಕ್ಕಪಕ್ಕದವರನ್ನ ಕೇಳದೇ ಹೆಣ್ಣು ಕೊಡೂದಿಲ್ರಿ. ಯಾರರ ಚಲೋ ಹುಡುಗ ಅನ್ಲಿ, ಅವತ್ತೇ ಹೂಂ ಅಂತೀನಿ."

ಭಾನುವಾರ ಅವನ ಬಿಲ್ಡಿಂಗ್‌ಗೆ ಹೋದೆ. ವಾಚ್‌ಮನ್‌ಗೆ ಅವನ ಮುಖವೇ ನೆನಪಿಗೆ ಬರಲಿಲ್ಲ. ಎದುರು ಮನೆಯ ಮರಾಠಿ ಅಜ್ಜಿ ಬಾಗಿಲು ಅರ್ಧ ತೆರೆದು, "ಅಲ್ಲಿ ಜನ ಇದ್ದಾರೆಯೇ? ಇಷ್ಟು ದಿನ ಗೋಡೌನ್ ಅಂದುಕೊಂಡಿದ್ದೆ" ಎಂದರು.

ಬಂದದ್ದಕ್ಕೆ ಕೇಳಿಯೇ ಬಿಡೋಣವೆಂದು, "ಕುಡಿಯುವುದು, ಗಲಾಟೆ ಮಾಡುವುದು ಏನಾದರೂ ಉಂಟೇ?" ಎಂದೆ.

ಅಜ್ಜಿ ಪ್ರಾಮಾಣಿಕವಾಗಿ ಯೋಚಿಸಿದರು. "ಇಲ್ಲಪ್ಪ. ಗೋಡೌನ್‌ನಿಂದ ನಮಗೆ ಯಾವ ತೊಂದರೆಯೂ ಆಗಿಲ್ಲ."

೨. ಹೋಗಲೋ ಬೇಡವೋ

ಇದನ್ನು ಕೇಳಿ ಮಗಳು ಹಣೆ ಚಚ್ಚಿಕೊಂಡಳು. "ಪಪ್ಪಾ, ಅವನ ಅಕ್ಕಪಕ್ಕ, ಪಡೋಸಿ ಎಲ್ಲಾ ಗೇಮ್ ಒಳಗೆ ಇದ್ದಾರೆ. ಆಫೀಸ್ ಮುಗಿದ ಮೇಲೆ ವೋ ವಹೀಂ ಇರ್ತಾನೆ. ಪೂಛನಾ ಹೈ ತೋ ಅಲ್ಲಿ ಹೋಗಿ ಕೇಳಿ."

ಅದೊಂದು ಆನ್‌ಲೈನ್ ಆಟ. ಎಲ್ಲೆಲ್ಲಿಯೋ ಕೂತವರು ಒಂದೊಂದು ವೇಷ ತೊಟ್ಟು, ಕತ್ತಿ ಹಿಡಿದು, ರಾಕ್ಷಸರನ್ನು ಹುಡುಕಿಕೊಂಡು ಒಟ್ಟಿಗೆ ಓಡಾಡುವುದು. ಶುರುವಾಗಿ ಇಪ್ಪತ್ತು ವರ್ಷವಾಯಿತಂತೆ. ಬಹಳ ಮಂದಿ ಬಿಟ್ಟುಹೋಗಿ ಈಗ ಬೆರಳೆಣಿಕೆಯವರು ಉಳಿದಿದ್ದಾರಂತೆ. ಈ ವಯಸ್ಸಿನಲ್ಲಿ ಇಂಥದಕ್ಕೆ ಕೈ ಹಾಕಬೇಕೋ ಬೇಡವೋ ಎಂದು ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಕೊನೆಗೆ ವಿಕ್ರೋಳಿಯ ನಮ್ಮ ಕಂಪನಿ ಕ್ಯಾಂಟೀನಿನಲ್ಲಿ ವಿಷಯ ತೆಗೆದೆ. ಗೇಮ್ ಎಂದು ಬಿಡಿಸಿಯೇ ಹೇಳಿದ್ದೆ. ಆದರೆ ಇಪ್ಪತ್ತು ವರ್ಷ ಹಳೇದು, ಮುಕ್ಕಾಲು ಖಾಲಿ ಎಂದ ಮೇಲೆ ಮುಂಬೈಯವರಿಗೆ ಹಳೇ ಬಿಲ್ಡಿಂಗ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಬೆಳಗಾವಿಯ ಸ್ಟೋರ್‌ಕೀಪರ್ ತಲೆಯಾಡಿಸಿದ. "ಬ್ಯಾಡ್ರಿ. ಹಳಬ್ರು ಚಲೋ ಜಾಗಾ ಎಲ್ಲಾ ಹಿಡಕೊಂಡಿರ್ತಾರ. ನಿಮಗ ಮೆಟ್ಟಲ ಕೆಳಗಿಂದು ಕೊಡ್ತಾರ."

ಅಕೌಂಟ್ಸ್‌ನವರು ಒಪ್ಪಲಿಲ್ಲ. "ಹೋಗುವುದಾದರೆ ಈಗಲೇ ಹೋಗಬೇಕು. ನಾಳೆ ಕೆಡವಿ ರಿಡೆವಲಪ್‌ಮೆಂಟ್ ಮಾಡಿದರೆ ಎಲ್ಲರಿಗೂ ದೊಡ್ಡದು ಸಿಗುತ್ತದೆ."

ಇಬ್ಬರಿಗೂ ಜೋರು ವಾದ ಹತ್ತಿತು. ಅಷ್ಟೂ ಹೊತ್ತು ಡಬ್ಬಿ ತೊಳೆಯುತ್ತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಅದೆಲ್ಲ ಇರಲಿ, ನೀರು ಎಷ್ಟು ಹೊತ್ತು ಬರುತ್ತದೆ?" ಎಂದರು.

೩. ಹೆಣ್ಣಿನ ತಂದೆಯ ವೇಷ

ಬೇರೆ ದಾರಿಯೇ ಇರಲಿಲ್ಲ. ಮಗಳು ನನಗೊಂದು ಖಾತೆ ತೆರೆದು ವೇಷ ಆರಿಸಿಕೊಳ್ಳಲು ಹೇಳಿದಳು. ಯೋಧ, ಬಿಲ್ಲುಗಾರ, ಮಂತ್ರವಾದಿ ಎಲ್ಲ ಇದ್ದರು. ಹೊಟ್ಟೆ ಇದ್ದವನು ಒಬ್ಬನೂ ಇರಲಿಲ್ಲ. ಹೆಂಡತಿ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಮಂತ್ರವಾದಿ ಬೇಡ, ಸಂಬಂಧ ಕೇಳಲು ಬಂದವನು ಮಾಟ ಮಾಡಿಸಿದ ಅಂದಾರು ಎಂದಳು. ಹಾಗಾಗಿ ಯೋಧನಾದೆ. ಯೋಧನಿಗೆ ಮೈಮೇಲೆ ಒಂದು ತುಂಡು ಚಡ್ಡಿ ಬಿಟ್ಟರೆ ಏನೂ ಇರಲಿಲ್ಲ.

"ಹಿಂಗ ಹೋಗಿ ನಿಂತ್ರ ಯಾರು ಮಾತಾಡಸ್ತಾರ್ರಿ? ಮೊದಲ ಅಂಗಿ ಹಾಕ್ಕೋರಿ."

ಅಂಗಿ ಬೇಕಾದರೆ ಹತ್ತು ಕಾಡುಹಂದಿ ಕೊಲ್ಲಬೇಕು ಎಂದು ಆಟದ ನಿಯಮ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ನಾನು ಕತ್ತಿ ಹಿಡಿದು ಹಂದಿಗಳ ನಡುವೆ ಸುಮ್ಮನೆ ನಿಂತೆ. ಅವು ನನ್ನನ್ನು ಎರಡು ಸಲ ಕೊಂದವು.

"ಪಪ್ಪಾ, ಸರಕೋ," ಎಂದು ಮಗಳು ಕೀಬೋರ್ಡ್ ಎಳೆದುಕೊಂಡಳು. ಚಹಾ ಆರುವುದರೊಳಗೆ ಹತ್ತೂ ಹಂದಿ ಮಲಗಿದವು. ಆಮೇಲೆ ಬೇಡವೆಂದರೂ ಕೇಳದೆ ಇನ್ನೂ ನಾಲ್ಕನ್ನು ಅಟ್ಟಿಸಿಕೊಂಡು ಹೋಗಿ ಮುಗಿಸಿದಳು.

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ವಿಜಯಪುರದವರು ನಮ್ಮ ಹುಡುಗೀ ವಿಚಾರಣೆ ಮಾಡ್ಲಿಲ್ಲಲ್ಲ, ಪುಣ್ಯಾ."

೪. ಗಂಡಿನ ಕಡೆಯವರು

ಹುಡುಗ ಇನ್ನೂ ಲೋಕಲ್ ರೈಲಿನಲ್ಲಿರುವ ಹೊತ್ತು ನೋಡಿ ಅಂಗಿ ತೊಟ್ಟು ಆಟದ ಊರೊಳಗೆ ಕಾಲಿಟ್ಟೆ. ಹೊಸಬನೊಬ್ಬ ಬಂದಿದ್ದಾನೆಂದು ಸುದ್ದಿಯಾಗಿ ಮೂಲೆಮೂಲೆಯಿಂದ ಓಡಿಬಂದರು: ಕೊಂಬಿನವರು, ರೆಕ್ಕೆಯವರು, ಕರಡಿ ಹತ್ತಿದವನೊಬ್ಬ. ಎಷ್ಟೋ ವರ್ಷದಿಂದ ಅಲ್ಲಿಗೆ ಯಾರೂ ಹೊಸದಾಗಿ ಬಂದಿರಲಿಲ್ಲವಂತೆ. ನಾನು ಹುಡುಗನ ವೇಷದ ಹೆಸರು ಬರೆದು, ಹೇಗೆ ಮನುಷ್ಯ ಎಂದು ಕೇಳಿದೆ.

ಹಿಂದಿಯಲ್ಲಿ ಉತ್ತರಗಳು ಮುಗಿಬಿದ್ದವು. ಚಿನ್ನದಂಥ ಹುಡುಗ. ಕರೆದಾಗ ಬರುತ್ತಾನೆ. ಗೆದ್ದದ್ದನ್ನು ಮೊದಲು ಬೇರೆಯವರಿಗೆ ಹಂಚುತ್ತಾನೆ. ತಮ್ಮಲ್ಲೊಬ್ಬ ಆಸ್ಪತ್ರೆ ಸೇರಿದಾಗ, ಒಮ್ಮೆಯೂ ಮುಖ ನೋಡಿರದಿದ್ದರೂ, ರೈಲು ಹತ್ತಿ ನಾಗಪುರಕ್ಕೆ ಹೋಗಿ ಜೊತೆಗಿದ್ದು ಬಂದ. ಓದಿ ಹೇಳುತ್ತಿದ್ದ ಹಾಗೆ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೂಂ ಅಂದುಬಿಟ್ಟಳು.

ಆಗ ಕರಡಿಯವನು ಬರೆದ: "ಈಚೆಗೆ ಯಾವುದೋ ಹುಡುಗಿಯ ಗುಂಗು ಹಿಡಿದು ಬೇಗ ಎದ್ದು ಹೋಗುತ್ತಾನೆ. ಆ ಮನೆಯವರು ನಿಮಗೆ ಗೊತ್ತಿದ್ದರೆ ದಯವಿಟ್ಟು ಬೇಡ ಅನ್ನಲು ಹೇಳಿ."

ನಾನು ಹುಡುಗಿಯ ತಂದೆ ಎಂದು ಬರೆದೆ. ಕರಡಿಯವನು ಕರಡಿಯಿಂದ ಇಳಿದು, "ನಮಸ್ತೆ ಅಂಕಲ್" ಎಂದ.

"ಅವರನ್ನೆಲ್ಲಾ ಮದುವಿಗೆ ಕರೀರಿ," ಎಂದಳು ಹೆಂಡತಿ. "ಎಷ್ಟು ಮಂದಿ ಬರ್ತಾರ ಕೇಳ್ರಿ, ಅಡಿಗಿಯವರಿಗೆ ಹೇಳಬೇಕು."

ಕೇಳಿದೆ. ತಮ್ಮ ತಮ್ಮಲ್ಲೇ ಎಣಿಸಿ ಬರೆದರು: "ಹನ್ನೊಂದು ಮಂದಿ. ನಿಮ್ಮನ್ನೂ ಹಿಡಿದು."

ಮಾಟುಂಗದ ಮದುವೆ ಹಾಲ್‌ಗೆ ಅವರು ನಿಜವಾಗಿ ಬಂದರು. ಹೆಣ್ಣಿನ ತಂದೆಯೆಂದರೆ ಪಂಕ್ತಿಯುದ್ದಕ್ಕೂ ಕೈಮುಗಿದು ಉಪಚಾರ ಮಾಡಿ ಕಡೆಗೆ ತಣ್ಣಗಿನದನ್ನು ಉಣ್ಣುವವನು. ನಾನು ಹಾಗೆ ಓಡಾಡುತ್ತಿದ್ದರೆ ಅವರು ರಟ್ಟೆ ಹಿಡಿದು ಮೊದಲ ಪಂಕ್ತಿಯಲ್ಲಿ ತಮ್ಮ ನಡುವೆ ಕೂರಿಸಿಕೊಂಡರು. ಹೋಳಿಗೆ ಬಡಿಸುತ್ತ ಬಂದ ನನ್ನ ಅಣ್ಣ ನನ್ನೆದುರು ಕಕ್ಕಾಬಿಕ್ಕಿಯಾಗಿ ನಿಂತ.

"ಏನೋ ಇದು? ನೀ ಯಾವ ಕಡಿಯಾಂವ?"

ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ಕರಡಿಯವನು ನನ್ನ ಎಲೆ ತೋರಿಸಿ ಹಿಂದಿಯಲ್ಲಿ ಹೇಳಿದ: "ಇವರು ಗಂಡಿನ ಕಡೆಯವರು. ತುಪ್ಪ ಜಾಸ್ತಿ ಹಾಕಿ."